ಟಿಂಗ್ ಅಂದಾಗ ಸಿಗೋ ಖುಷಿ: ಟ್ರೋಫಿಗಳಿಂದ ಗೇಮ್ ಚೆಂದ ಆಗುತ್ತಾ?

ಇವತ್ತಿನ ವಿಷಯ ವಿಡಿಯೋ ಗೇಮ್. ಗೇಮ್ ಆಡದೇ ಇರೋರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಯಾಕಂದ್ರೆ ಇದು ನಿಮ್ಮ ಆಫೀಸಿಗೂ ಬಂದು ಮುಟ್ಟುತ್ತೆ.

ವಾರ ಪೂರ್ತಿ ಹಿಂಜವಡಿ ಟ್ರಾಫಿಕ್ಕು, ರಾತ್ರಿ ಕ್ಲೈಂಟ್ ಕಾಲು, ಮನೆ ಸಾಮಾನು ಎಲ್ಲಾ ಮುಗಿದ ಮೇಲೆ ನಮ್ಮಂಥವರಿಗೆ ಶನಿವಾರ ರಾತ್ರಿ ಉಳಿಯೋದು ಎರಡು ಗಂಟೆ. ನನ್ನ ಕಾಲೇಜ್ ರೂಮ್‌ಮೇಟ್ ಒಬ್ಬ ಇದ್ದಾನೆ. ದಾವಣಗೆರೆಯಲ್ಲಿ ನಾಲ್ಕು ವರ್ಷ ಒಂದೇ ರೂಮು. ಈಗ ಅವನು ಹೈದರಾಬಾದು, ನಾನು ಪುಣೆ. ಆ ಎರಡು ಗಂಟೆಯಲ್ಲಿ ನಾವಿಬ್ಬರೂ ಹೆಡ್‌ಸೆಟ್ ಹಾಕ್ಕೊಂಡು ಒಂದು ಗೇಮ್ ಆಡ್ತಿದ್ವಿ. ಗೇಮ್ ಹೆಸರು ಬೇಡ, ತಪ್ಪು ಅದರದ್ದಲ್ಲ. ಆಡೋದಕ್ಕಿಂತ ಮಾತೇ ಜಾಸ್ತಿ. ಅವನ ಅಪ್ಪನ ಬಿಪಿ, ನನ್ನ ಮನೆ ಓನರ್ ಬಾಡಿಗೆ ಏರಿಸಿದ್ದು, ಇವೆಲ್ಲಾ ಶತ್ರುಗಳಿಗೆ ಗುಂಡು ಹೊಡೀತಾ ಮಾತಾಡಿದ್ದು.

ಒಂದಿನ ನಾನು ಟ್ರೋಫಿ ಲಿಸ್ಟ್ ತೆಗೆದು ನೋಡಿದೆ. ಎಪ್ಪತ್ತು ಪರ್ಸೆಂಟ್ ಆಗಿತ್ತು. ಅಷ್ಟೇ ನೋಡಿ. ಉಳಿದ ಮೂವತ್ತು ಮುಗಿಸಿಬಿಡೋಣ ಅಂತ ಹೊರಟೆ. ಆಮೇಲಿನ ಶನಿವಾರಗಳಲ್ಲಿ ಎರಡನೇ ಮಾನಿಟರ್‌ನಲ್ಲಿ ಗೈಡ್ ತೆರೆದಿಟ್ಟು, "ಅಲ್ಲಿಗೆ ಹೋಗ್ಬೇಡ, ಈ ಕಡೆ ಬಾ, ಇದು ಬಾಕಿ ಇದೆ" ಅಂತ ಅವನಿಗೆ ಟಾಸ್ಕ್ ಹಂಚೋಕೆ ಶುರು ಮಾಡಿದೆ. ಮೂರ್ನಾಲ್ಕು ವಾರ ಆದ್ಮೇಲೆ ಅವನು, "ಲೇ ಮಗಾ, ಸೋಮವಾರದಿಂದ ಶುಕ್ರವಾರದವರೆಗೂ ಮ್ಯಾನೇಜರ್ ಕಾಟ, ಶನಿವಾರ ನಿಂದೊಂದು" ಅಂದ. ನಗಾಡ್ಕೊಂಡೇ ಅಂದ. ಆದ್ರೆ ಮುಂದಿನ ವಾರ ಅವನು ಬರಲಿಲ್ಲ. ನಾನೊಬ್ಬನೇ ಕೂತು ಪ್ಲಾಟಿನಂ ಟ್ರೋಫಿ ಮುಗಿಸಿದೆ. ಟಿಂಗ್ ಅಂತು. ಪಕ್ಕದಲ್ಲಿ ಹೇಳೋಕೆ ಯಾರೂ ಇರಲಿಲ್ಲ.

ಹಾಗಾದ್ರೆ ಈ ಟ್ರೋಫಿ, ಅಚೀವ್‌ಮೆಂಟ್ ಅನ್ನೋದು ಬಂದಿದ್ದು ಎಲ್ಲಿಂದ? 1980ರ ದಶಕದ ಶುರುವಿನಲ್ಲಿ ಆಕ್ಟಿವಿಷನ್ ಕಂಪನಿ ಅಟಾರಿ ಗೇಮ್‌ಗಳ ಜೊತೆ ಒಂದು ಉಪಾಯ ಮಾಡಿತ್ತು. ನೀವು ಇಂತಿಷ್ಟು ಸ್ಕೋರ್ ಮಾಡಿ, ಟಿವಿ ಪರದೆಯ ಫೋಟೋ ತೆಗೆದು, ಪೋಸ್ಟ್‌ನಲ್ಲಿ ಕಳಿಸಿದರೆ, ಅವರು ಅಂಗಿಗೆ ಹೊಲ್ಕೊಳ್ಳೋ ಒಂದು ಕಸೂತಿ ಪ್ಯಾಚ್ ಕಳಿಸೋರು. 1982ರ ಪಿಟ್‌ಫಾಲ್ ಗೇಮ್‌ಗೆ 20,000 ಪಾಯಿಂಟ್ ಬೇಕಿತ್ತು. ಕ್ಯಾಮೆರಾ ರೋಲ್ ತೊಳೆಸಿ, ಪ್ರಿಂಟ್ ಹಾಕಿಸಿ, ಕವರ್ ಅಂಟಿಸಿ ಕಳಿಸಬೇಕು. ಅಷ್ಟು ಕಷ್ಟಪಟ್ಟವನು ಆ ಗೇಮ್ ಇಷ್ಟಪಟ್ಟೇ ಆಡಿರ್ತಾನೆ.

ಇದನ್ನ ಕೈಗಾರಿಕೆ ಮಟ್ಟಕ್ಕೆ ತಂದಿದ್ದು ಮೈಕ್ರೋಸಾಫ್ಟ್. 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಗೇಮರ್‌ಸ್ಕೋರ್ ಬಂತು. ಅಂಗಡಿಯಲ್ಲಿ ಮಾರೋ ಪ್ರತಿ ದೊಡ್ಡ ಗೇಮ್‌ಗೂ 1000 ಪಾಯಿಂಟ್, ಎಲ್ಲಾ ಕೂಡಿ ನಿಮ್ಮ ಹೆಸರಿನ ಪಕ್ಕ ಒಂದು ನಂಬರ್. 2007ಕ್ಕೆ ಸ್ಟೀಮ್ ಕೂಡ ಶುರು ಮಾಡ್ತು, 2008ಕ್ಕೆ ಪ್ಲೇಸ್ಟೇಷನ್ ಟ್ರೋಫಿ. ಇಲ್ಲಿ ಬದಲಾಗಿದ್ದು ಒಂದೇ ವಿಷಯ, ಆದ್ರೆ ದೊಡ್ಡದು. ಮೊದಲು ಸ್ಕೋರ್ ಆ ಗೇಮ್ ಒಳಗೇ ಇರ್ತಿತ್ತು. ಈಗ ಅದು ಗೇಮ್‌ನಿಂದ ಹೊರಗೆ ಬಂದು ನಿಮ್ಮ ಪ್ರೊಫೈಲ್‌ಗೆ ಅಂಟ್ಕೊಂಡಿತು. ಥೇಟ್ ರೆಸ್ಯೂಮೆ ತರ.

ಇದರ ಫಲ ಬೇಗನೇ ಕಾಣಿಸ್ತು. 2007ರಲ್ಲಿ ಎಕ್ಸ್‌ಬಾಕ್ಸ್ 360ಗೆ ಅವತಾರ್ ಕಾರ್ಟೂನ್ ಆಧರಿಸಿದ 'ದಿ ಬರ್ನಿಂಗ್ ಅರ್ಥ್' ಅನ್ನೋ ಗೇಮ್ ಬಂತು. ಅದರಲ್ಲಿದ್ದ ಐದೂ ಅಚೀವ್‌ಮೆಂಟ್ ಹೊಡೆತದ ಕಾಂಬೋ ಲೆಕ್ಕದ್ದು. ಶುರುವಿನಲ್ಲೇ ನಿಂತು ಒಂದೇ ಬಟನ್ ಒತ್ತುತ್ತಾ ಐವತ್ತು ಹೊಡೆತ ಮುಟ್ಟಿಸಿದ್ರೆ ಕೆಲವೇ ನಿಮಿಷದಲ್ಲಿ 1000 ಪಾಯಿಂಟೂ ಕೈಗೆ. ಆ ಗೇಮ್ ಇವತ್ತಿಗೂ ನೆನಪಲ್ಲಿ ಉಳಿದಿದ್ದು ಬರೀ ಇದಕ್ಕೇ. ನಮ್ಮ ಆಫೀಸಿನ ಲರ್ನಿಂಗ್ ಪೋರ್ಟಲ್ ನೆನಪಾಯ್ತಾ? ವಿಡಿಯೋ ಮ್ಯೂಟ್ ಮಾಡಿ, ಇನ್ನೊಂದು ಟ್ಯಾಬ್‌ನಲ್ಲಿ ಕೆಲಸ ಮಾಡ್ತಾ, ಕೊನೆಗೆ ಬ್ಯಾಡ್ಜ್ ಮಾತ್ರ ಕ್ಲಿಕ್ ಮಾಡ್ತೀವಲ್ಲ, ಅದೇ ಜಾತಿ. ಮುಗಿಸಿದ ಟಿಕೆಟ್ ಎಷ್ಟು ಅಂತ ಲೆಕ್ಕ ಹಾಕಿದ್ರೆ ಒಂದು ಟಿಕೆಟ್ ಮೂರಾಗಿ ಒಡೆಯುತ್ತೆ. ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಮನಃಶಾಸ್ತ್ರದ ಕಡೆ ಬರೋಣ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ ಮಾಡಿದ ಒಂದು ಪ್ರಯೋಗ ಇದೆ. ಚಿತ್ರ ಬಿಡಿಸೋದು ಮೊದಲೇ ಇಷ್ಟ ಇದ್ದ ಮಕ್ಕಳನ್ನ ಆರಿಸ್ಕೊಂಡ್ರು. ಒಂದು ಗುಂಪಿಗೆ "ಚಿತ್ರ ಬಿಡಿಸಿದ್ರೆ ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದ್ರು. ಎರಡನೇ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅಚಾನಕ್ಕಾಗಿ ಕೊಟ್ಟರು. ಮೂರನೇ ಗುಂಪಿಗೆ ಏನೂ ಇಲ್ಲ. ಕೆಲವು ದಿನ ಬಿಟ್ಟು ತರಗತಿಯಲ್ಲಿ ಸುಮ್ನೆ ಪೆನ್ನು ಪೇಪರ್ ಇಟ್ಟು ದೂರದಿಂದ ಗಮನಿಸಿದ್ರು. ಮೊದಲೇ ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದ್ರು. ಅಚಾನಕ್ ಬಹುಮಾನ ಸಿಕ್ಕಿದವರಲ್ಲಿ ಆಸಕ್ತಿ ಹಾಗೇ ಇತ್ತು.

ಗಮನಿಸಿ, ಇಲ್ಲಿ ಬಹುಮಾನ ಕೆಟ್ಟದ್ದು ಅಂತ ಬರಲಿಲ್ಲ. ಮೊದಲೇ ತೋರಿಸಿದ ಬಹುಮಾನ, ಅದೂ ಮೊದಲೇ ಇಷ್ಟ ಇದ್ದ ಕೆಲಸಕ್ಕೆ. "ನನಗಿಷ್ಟ, ಅದಕ್ಕೆ ಮಾಡ್ತೀನಿ" ಅನ್ನೋದು "ಸರ್ಟಿಫಿಕೇಟ್‌ಗೋಸ್ಕರ ಮಾಡ್ತೀನಿ" ಅಂತ ಮನಸ್ಸಿನೊಳಗೇ ಬದಲಾಗಿಬಿಡುತ್ತೆ. ಸರ್ಟಿಫಿಕೇಟ್ ನಿಂತ ದಿನ ಕೆಲಸವೂ ನಿಲ್ಲುತ್ತೆ. 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಕ್ರಿಸ್ ಹೆಕ್ಕರ್ ಅನ್ನೋ ಡೆವಲಪರ್ ಅಚೀವ್‌ಮೆಂಟ್‌ಗಳ ಮೇಲೆ ಇದೇ ದಿಕ್ಕಿನಲ್ಲಿ ಒಂದು ಭಾಷಣ ಮಾಡಿದ್ರು. ಅವರ ಭಯ ಏನಂದ್ರೆ, ಬೋರಿಂಗ್ ಕೆಲಸಕ್ಕೆ ಬಹುಮಾನ ಚೆನ್ನಾಗಿ ಕೆಲಸ ಮಾಡುತ್ತೆ, ಖುಷಿ ಕೊಡೋ ಕೆಲಸಕ್ಕೆ ಕೈ ಕೊಡುತ್ತೆ. ಹಾಗಾಗಿ ಬಹುಮಾನವನ್ನೇ ನಂಬ್ಕೊಂಡ ಉದ್ಯಮ ಕೊನೆಗೆ ಬೋರಿಂಗ್ ಗೇಮ್‌ಗಳನ್ನೇ ಮಾಡೋಕೆ ಶುರು ಮಾಡಬಹುದು.

ಹಾಗಂತ ಎಲ್ಲಾ ಕಿತ್ತು ಬಿಸಾಕಿ ಅಂತ ನಾನು ಹೇಳಲ್ಲ. ನನಗೆ ಗೊತ್ತಿರೋ ಅತ್ಯಂತ ಒಳ್ಳೇ ಅಚೀವ್‌ಮೆಂಟ್ 2007ರ ಹಾಫ್-ಲೈಫ್ 2: ಎಪಿಸೋಡ್ ಟೂನಲ್ಲಿದೆ. ಗೇಮ್ ಶುರುವಿನಲ್ಲಿ ತೋಟದಲ್ಲಿ ಇಡ್ತಾರಲ್ಲ, ಅಂಥ ಗಡ್ಡದ ಕುಳ್ಳನ ಗೊಂಬೆ ಒಂದು ಸಿಗುತ್ತೆ. ಅದನ್ನ ಗೇಮ್ ಕೊನೇವರೆಗೂ ಹೊತ್ಕೊಂಡು ಹೋಗಿ ಒಂದು ರಾಕೆಟ್ ಒಳಗೆ ಇಡಬೇಕು. ಕಥೆಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಕಾರ್ ಓಡಿಸ್ತಿದ್ದರೆ ಗೊಂಬೆ ಹಾರಿ ಬೀಳುತ್ತೆ, ಹಿಂದೆ ಹೆಲಿಕಾಪ್ಟರ್ ಗುಂಡು ಹೊಡೀತಿದ್ರೂ ಇಳಿದು ಎತ್ಕೋಬೇಕು. ನೆಂಟರ ಮನೆಯಿಂದ ಉಪ್ಪಿನಕಾಯಿ ಜಾಡಿ ಹಿಡ್ಕೊಂಡು ಸ್ಲೀಪರ್ ಬಸ್ಸಿನಲ್ಲಿ ಬಂದಿದ್ದೀರಾ? ಅದೇ ಅನುಭವ. ಈ ಟ್ರೋಫಿ ಆಟವನ್ನ ಅಳೆಯಲ್ಲ, ಅದೇ ಆಟದೊಳಗೆ ಇನ್ನೊಂದು ಹೊಸ ಆಟ ಹುಟ್ಟಿಸುತ್ತೆ.

ಅಸಾಸಿನ್ಸ್ ಕ್ರೀಡ್ 2ರಲ್ಲಿ ನೂರು ಗರಿ ಆರಿಸಬೇಕು. ಕೇಳೋಕೆ ಗುಮಾಸ್ತೆ ಕೆಲಸ. ಆದ್ರೆ ಗರಿ ಆರಿಸ್ತಿದ್ದವನು ನಾಯಕನ ಪುಟ್ಟ ತಮ್ಮ, ಅವನು ಸತ್ತ ಮೇಲೆ ತಾಯಿ ಮಾತು ಬಿಟ್ಟಿರ್ತಾಳೆ. ನೂರನೇ ಗರಿ ಇಟ್ಟಾಗ ಆಕೆ ಬಾಯಿ ಬಿಡ್ತಾಳೆ. ಟ್ರೋಫಿ ಅದರ ಹಿಂದೆ ಬರುತ್ತೆ, ಮುಂದೆ ಅಲ್ಲ.

ನಿಂಟೆಂಡೊ ಸ್ವಿಚ್‌ನಲ್ಲಿ ಇಡೀ ವ್ಯವಸ್ಥೆಯೇ ಇಲ್ಲ, ಎಲ್ಲಾ ಗೇಮ್‌ಗೂ ಸೇರಿದ ಟ್ರೋಫಿ ಇಲ್ಲ. ಹಾಗಂತ ಜನ ಆಡೋದು ಬಿಟ್ಟಿದ್ದಾರಾ? 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ 900 ಕೊರೊಕ್ ಬೀಜ ಅಡಗಿಸಿಟ್ಟಿದ್ದಾರೆ. 441 ಸಿಕ್ಕಿದ್ರೆ ಸಾಮಾನು ಇಟ್ಕೊಳ್ಳೋ ಜಾಗ ಪೂರ್ತಿ ಸಿಗುತ್ತೆ, ಅದಕ್ಕಿಂತ ಹೆಚ್ಚು ಹುಡುಕಿದ್ರೆ ಲಾಭ ಇಲ್ಲ. ಆದ್ರೂ ಒಂಬೈನೂರೂ ಹುಡುಕಿದವರಿಗೆ ಸಿಗೋದು, ಕ್ಷಮಿಸಿ, ಒಂದು ಬಂಗಾರದ ಕಕ್ಕಸು. ನಿಜವಾಗ್ಲೂ, ಅದೇ ಆಕಾರ. ದಾರೀಲಿ ಹೋಗ್ತಾ ವಿಚಿತ್ರವಾಗಿ ಕೂತಿರೋ ಕಲ್ಲು ಕಂಡು ಎತ್ತಿ ನೋಡೋದರಲ್ಲಿ ಖುಷಿ ಇತ್ತು, ಲಿಸ್ಟ್ ತುಂಬಿಸೋದರಲ್ಲಿ ಇರಲಿಲ್ಲ ಅಂತ ಡಿಸೈನರ್‌ಗಳು ನಗ್ತಾ ಕಾಲೆಳೆದ ಹಾಗಿದೆ.

ಇನ್ನೂ ಒಂದು ತಮಾಷೆ. 2013ರ ಸ್ಟ್ಯಾನ್ಲಿ ಪ್ಯಾರಬಲ್‌ನಲ್ಲಿ ಒಂದು ಅಚೀವ್‌ಮೆಂಟ್ ಸಿಗಬೇಕಂದ್ರೆ ಐದು ವರ್ಷ ಆ ಗೇಮ್ ಆಡಬಾರದು. ಎಷ್ಟೋ ಜನ ಕಂಪ್ಯೂಟರ್ ಗಡಿಯಾರ ಮುಂದಕ್ಕೆ ಇಟ್ಟು ಅದನ್ನೂ ಐದೇ ನಿಮಿಷದಲ್ಲಿ ತಗೊಂಡ್ರು. ನಮ್ಮ ಜನ ಅಲ್ವಾ.

ಹಾಗಾಗಿ ನನ್ನ ಉತ್ತರ ಕೇಳಿದ್ರೆ: ಟ್ರೋಫಿ ಲಿಸ್ಟನ್ನ ಮೊದಲು ನೋಡಿ ಆಡಿದ್ರೆ ಆಟ ಹಾಳಾಗುತ್ತೆ, ಮುಗಿದ ಮೇಲೆ ನೋಡಿದ್ರೆ ಕೆಲವು ಸಲ ಇನ್ನೂ ಸ್ವಲ್ಪ ಆಟ ಸಿಗುತ್ತೆ. ಕೆಲವರಿಗೆ ಪೂರ್ತಿ ಮಾಡೋದರಲ್ಲೇ ನಿಜವಾದ ಸುಖ ಇರುತ್ತೆ, ಅವರ ಜೊತೆ ನನಗೆ ಜಗಳ ಇಲ್ಲ. ಜೊತೆಗಾರನನ್ನ ಅದಕ್ಕೆ ಕೂಲಿಗೆ ಇಟ್ಕೊಂಡಾಗ ಮಾತ್ರ ತೊಂದರೆ, ನಾನು ಮಾಡಿದ್ದು ಅದೇ.

ಪಾಪ್-ಅಪ್ ಬರದ ಹಾಗೆ ಪ್ಲೇಸ್ಟೇಷನ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಸೆಟಿಂಗ್ಸ್‌ಗೆ ಹೋಗಿ ನೋಟಿಫಿಕೇಷನ್ ಆಫ್ ಮಾಡಬಹುದು, ಎರಡು ನಿಮಿಷದ ಕೆಲಸ. ನಾನು ಮಾಡಿದೆ. ಆಮೇಲೆ ಹೈದರಾಬಾದ್‌ಗೆ ಫೋನ್ ಹಚ್ಚಿ "ಬಾರಲೇ, ಲಿಸ್ಟ್ ಇಲ್ಲ" ಅಂದೆ. ಹೋದ ಶನಿವಾರ ಬಂದ. ಬಂದ ಹತ್ತು ನಿಮಿಷಕ್ಕೆ ಜೀಪ್ ಸಮೇತ ಹೊಳೆಗೆ ಬಿದ್ದ, ಎತ್ತೋಕೆ ಹೋಗಿ ನಾನೂ ಬಿದ್ದೆ. ಮಿಷನ್ ಮುಗೀಲಿಲ್ಲ. ಅವನ ಅಪ್ಪನ ಬಿಪಿ ಈಗ ಹತೋಟಿಯಲ್ಲಿದೆಯಂತೆ.

ಸರಿ, ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.