ಮಾಡು ಮಡಚುವ ರಥ

‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಹಳೆಯ ಮೋಟಾರುಗಳ ರ‍್ಯಾಲಿಯಲ್ಲಿ, ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚಿಕೊಂಡು ಎಳೆಬಿಸಿಲಿಗೆ ಹೊಳೆಯುತ್ತ ಸಾಗುವ ಅಮೆರಿಕದ ಕನ್ವರ್ಟಿಬಲ್ಲನ್ನು ಕಂಡವರಿಗೆ, ಯಂತ್ರಕ್ಕೂ ಸೌಂದರ್ಯವುಂಟೆಂಬ ಮಾತು ಪ್ರಮಾಣವನ್ನೇ ಬೇಡದು.

ಮೊದಮೊದಲು ಕಾರುಗಳೆಲ್ಲ ಬಹುತೇಕ ತೆರೆದ ವಾಹನಗಳೇ ಆಗಿದ್ದುವು. 1920ರ ದಶಕದಲ್ಲಿ ಮುಚ್ಚಿದ ಕಾರುಗಳು ಸರ್ವಸಾಮಾನ್ಯವಾಗಲು, ಅಲ್ಲಿಯವರೆಗೆ ಅನಿವಾರ್ಯವಾಗಿದ್ದ ಬಯಲು ವಿಲಾಸವಾಗಿ ಪರಿಣಮಿಸಿತು. ಯಂತ್ರದ ಅನುಕೂಲಗಳೂ ಒಂದೊಂದಾಗಿ ಕೂಡಿಕೊಂಡುವು: 1912ರ ಕ್ಯಾಡಿಲಾಕಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕೈಯಿಂದ ಹ್ಯಾಂಡಲು ತಿರುಗಿಸುವ ಕಷ್ಟವನ್ನು ನೀಗಿತು. 1939ರ ಪ್ಲಿಮತ್ ಕನ್ವರ್ಟಿಬಲ್ಲಿನ ಮಾಡು ಯಂತ್ರಬಲದಿಂದಲೇ ಮಡಚಿಕೊಂಡಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿದ್ದರಿಂದ ಅಮೆರಿಕದ ಮೋಟಾರು ನಮ್ಮ ನಾಡಿಗೂ ಪರಿಚಿತವಾಯಿತು. ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ಲೆಂದು 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಸಾರಿದರೂ, 1982ರಲ್ಲಿ ಕ್ರೈಸ್ಲರ್ ಆ ಪರಂಪರೆಯನ್ನು ಪುನರುಜ್ಜೀವನಗೊಳಿಸಿತು.

ಇಂತಹ ವಾಹನದ ಜೀರ್ಣೋದ್ಧಾರವು ಬಣ್ಣ ಬಳಿಯುವ ಕೆಲಸವಲ್ಲ. ಮಾಡಿಲ್ಲದ ಒಡಲಿನ ಭಾರವನ್ನೆಲ್ಲ ತಳದ ಉಕ್ಕಿನ ಚೌಕಟ್ಟೇ ಹೊರಬೇಕಾದುದರಿಂದ, ಅದಕ್ಕೆ ತುಕ್ಕು ಹಿಡಿದರೆ ನಡು ಬಾಗುತ್ತದೆ. ಬಾಗಿಲಂಚಿನ ಸಂದು ಮೇಲೊಂದು ತೆರನಾಗಿ, ಕೆಳಗೊಂದು ತೆರನಾಗಿ ಕಾಣುತ್ತದೆ. ಆ ಕೂದಲೆಳೆಯ ಸಂದನ್ನು ಸಮಗೊಳಿಸುವ ಕಮ್ಮಾರನ ತಾಳ್ಮೆ ತಪಸ್ಸಿಗೆ ಸಮಾನ. ಹರಿಯಾಣದ ತಾವಡೂ ಬಳಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಹಳೆಯ ವಾಹನಗಳಿಗೆ ಆಶ್ರಯವಿತ್ತಿರುವುದು ಸ್ತುತ್ಯವಾದ ಕಾರ್ಯ. ಏಕೆಂದರೆ, ಮನುಷ್ಯನ ಕೈಚಳಕವನ್ನು ಕಾಪಾಡುವುದೂ ಇತಿಹಾಸವನ್ನು ಕಾಪಾಡುವುದೇ ಆಗಿದೆ.