ಅಂಗಳದ ನಾಯಿ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಸುತ್ತಮುತ್ತ ಮನೆಗಳು ದೂರದೂರ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ತೋಟವನ್ನೋ ಗುಡ್ಡವನ್ನೋ ದಾಟಬೇಕು. ಇಂಥ ಕಡೆ ನಾಯಿ ಅಲಂಕಾರದ ಪ್ರಾಣಿಯಲ್ಲ. ರಾತ್ರಿ ಮನೆ ಕಾಯುವುದು, ತೋಟಕ್ಕೆ ಬಂದ ಮಂಗಗಳನ್ನು ಓಡಿಸುವುದು, ಕಾಡುಹಂದಿಯ ಸುಳಿವು ಸಿಕ್ಕರೆ ಬೊಗಳಿ ಎಚ್ಚರಿಸುವುದು ಅದರ ಕೆಲಸ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನೂ ಒಂದು ಪಾತ್ರವೇ ಆಗಿರುವುದನ್ನು ಓದಿದವರು ಬಲ್ಲರು. ಮನುಷ್ಯನೂ ನಾಯಿಯೂ ಇಷ್ಟು ಹತ್ತಿರ ಬಾಳುವಾಗ ಅವರ ನಡುವೆ ಪ್ರೀತಿಯ ಜೊತೆಗೆ ಇನ್ನೊಂದು ವಿನಿಮಯವೂ ನಡೆಯುತ್ತಿರುತ್ತದೆ. ಅದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ವಿನಿಮಯ.

ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಆದರೆ ಪ್ರತಿಜೀವಕ, ಅಂದರೆ ಆಂಟಿಬಯೋಟಿಕ್ ಔಷಧಕ್ಕೆ ಬಗ್ಗದಂಥವೂ ಅವುಗಳ ನಡುವೆ ಇರಬಹುದು. ಚಿಂತೆ ಇರುವುದು ಇಲ್ಲಿ.

ಪ್ರತಿರೋಧ ಹೇಗೆ ಬೆಳೆಯುತ್ತದೆ?

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದರು. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಔಷಧವನ್ನು ಸಾಲದ ಪ್ರಮಾಣದಲ್ಲಿ ಬಳಸಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಬೆಳೆಸಿದಂತಾಗುತ್ತದೆ ಎಂಬುದು ಅದರ ಸಾರಾಂಶ.

ಒಂದು ಹುಣ್ಣಿನಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾಗಳಿರುತ್ತವೆ. ಎಲ್ಲವೂ ಒಂದೇ ಬಗೆಯವಲ್ಲ. ಕೆಲವು ಪೆನಿಸಿಲಿನ್ ಜಾತಿಯ ಔಷಧವನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತವೆ. ಕೆಲವು ಒಳಬಂದ ಔಷಧವನ್ನು ಹೊರಕ್ಕೆ ತಳ್ಳುತ್ತವೆ. ಔಷಧ ಕೊಟ್ಟಾಗ ದುರ್ಬಲವಾದವು ಸಾಯುತ್ತವೆ, ಇಂಥವು ಉಳಿಯುತ್ತವೆ. ಅನುಕೂಲವಾದ ಪರಿಸ್ಥಿತಿಯಲ್ಲಿ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಉಳಿದವು ಊರು ತುಂಬಲು ಹೆಚ್ಚು ಹೊತ್ತು ಬೇಕಿಲ್ಲ.

ಇನ್ನೂ ಒಂದು ಸಂಗತಿಯಿದೆ. ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್ಎ ಬಳೆ ಇರುತ್ತದೆ. ಪ್ರತಿರೋಧದ ಗುಣ ಅದರಲ್ಲಿದ್ದರೆ ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು. ಕೀಲಿಕೈಯ ನಕಲು ಮಾಡಿಸಿ ನೆರೆಯವರಿಗೆ ಕೊಟ್ಟ ಹಾಗೆ. ಪಡೆಯುವ ಬ್ಯಾಕ್ಟೀರಿಯಾ ಬೇರೆ ಜಾತಿಯದಾದರೂ ಅಡ್ಡಿಯಿಲ್ಲ.

ನಾಯಿಯಿಂದ ನಮಗೆ, ನಮ್ಮಿಂದ ನಾಯಿಗೆ

ಇದು ಬರಿಯ ಊಹೆಯಲ್ಲ. ಪೋರ್ಚುಗಲ್ಲಿನ ಲಿಸ್ಬನ್ ವಿಶ್ವವಿದ್ಯಾನಿಲಯದ ಸಂಶೋಧಕರು ಪೋರ್ಚುಗಲ್ ಮತ್ತು ಬ್ರಿಟನ್ನಿನ ಮನೆಗಳಲ್ಲಿ ಸಾಕುಪ್ರಾಣಿಗಳನ್ನೂ ಮನೆಯವರನ್ನೂ ಪರೀಕ್ಷಿಸಿ 2023ರಲ್ಲಿ ವರದಿ ಮಂಡಿಸಿದರು. ಪ್ರಾಣಿಗಳಿಗೆ ಚರ್ಮದ ಅಥವಾ ಮೂತ್ರನಾಳದ ಸೋಂಕು ಇತ್ತು, ಮನೆಯವರು ಆರೋಗ್ಯವಾಗಿದ್ದರು. ಆದರೂ ಕೆಲವು ಮನೆಗಳಲ್ಲಿ ಪ್ರಾಣಿಯಲ್ಲಿಯೂ ಒಡೆಯರಲ್ಲಿಯೂ ಔಷಧಕ್ಕೆ ಬಗ್ಗದ ಒಂದೇ ತಳಿಯ ಬ್ಯಾಕ್ಟೀರಿಯಾ ಸಿಕ್ಕಿತು. ವಂಶವಾಹಿಗಳನ್ನು ಹೋಲಿಸಿ ಅದು ಒಂದೇ ತಳಿಯೆಂದು ಗುರುತಿಸಲಾಯಿತು.

ಹಾಗೆಂದು ಎಲ್ಲ ತಪ್ಪನ್ನೂ ನಾಯಿಯ ಮೇಲೆ ಹೊರಿಸುವಂತಿಲ್ಲ. ಮೆತಿಸಿಲಿನ್ ಔಷಧಕ್ಕೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್ 1961ರಲ್ಲಿ ಬ್ರಿಟನ್ನಿನ ರೋಗಿಗಳಲ್ಲಿ ವರದಿಯಾಯಿತು. ಈ ಬ್ಯಾಕ್ಟೀರಿಯಾದ ಸಾಮಾನ್ಯ ನೆಲೆ ಮನುಷ್ಯನ ಮೂಗು. ನಾಯಿಯಲ್ಲಿ ಇದು ಕಂಡರೆ ಎಷ್ಟೋ ಸಲ ಮನುಷ್ಯನಿಂದಲೇ ದಾಟಿರುತ್ತದೆ. ದಾರಿ ಎರಡೂ ಕಡೆಗೆ ತೆರೆದಿದೆ.

ಇಂಥ ಬ್ಯಾಕ್ಟೀರಿಯಾ ಮೈಯಲ್ಲಿದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ತಿಂಗಳುಗಟ್ಟಲೆ ಸುಮ್ಮನೆ ಇರಬಹುದು. ಆದರೆ ಮನೆಯ ಅಜ್ಜನಿಗೆ ಶಸ್ತ್ರಚಿಕಿತ್ಸೆಯಾದಾಗ, ಎಳೆಯ ಮಗುವಿನ ಮೈಯಲ್ಲಿ ಶಕ್ತಿ ಕುಂದಿದಾಗ ಅದೇ ಬ್ಯಾಕ್ಟೀರಿಯಾ ಸೋಂಕು ಉಂಟುಮಾಡಿದರೆ, ಸಾಮಾನ್ಯ ಔಷಧಗಳು ನಾಟುವುದಿಲ್ಲ.

ಉಳಿದ ಮಾತ್ರೆಯ ಕಥೆ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಉಣುಗು ಕಚ್ಚಿದ ಜಾಗವನ್ನು ಕೆರೆದು ಕೆರೆದು ನಾಯಿಯ ಕಿವಿಯ ಹಿಂದೆ ಹುಣ್ಣಾಗಿದೆ. ಪಶು ಆಸ್ಪತ್ರೆ ದೂರ, ಮಳೆ ಬೇರೆ ಬಿಟ್ಟಿಲ್ಲ. ಕಳೆದ ತಿಂಗಳು ಮನೆಯವರ ಜ್ವರಕ್ಕೆ ತಂದ ಮಾತ್ರೆಗಳಲ್ಲಿ ನಾಲ್ಕು ಉಳಿದಿವೆ. ಅವನ್ನೇ ಅನ್ನದಲ್ಲಿ ಕಲಸಿ ಹಾಕುತ್ತಾರೆ. ಎರಡು ದಿನದಲ್ಲಿ ಹುಣ್ಣು ಒಣಗಿದಂತೆ ಕಾಣುತ್ತದೆ, ಮಾತ್ರೆಯೂ ಮುಗಿಯುತ್ತದೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ನಾಯಿಯ ಮೈಮೇಲೆ, ಅದು ಮಲಗುವ ಜಗಲಿಯ ಗೋಣಿಯ ಮೇಲೆ, ಅದನ್ನು ಸವರುವ ಮಕ್ಕಳ ಕೈಮೇಲೆ ಹರಡುತ್ತದೆ. ಇಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ಆದರೂ ತಪ್ಪು ನಡೆದುಹೋಗಿದೆ.

ಆಹಾರವೂ ಒಂದು ದಾರಿ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು 600 ನಾಯಿಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹಸಿ ಮಾಂಸ ತಿನ್ನುವ ನಾಯಿಗಳ ಮಲದಲ್ಲಿ ಪ್ರತಿರೋಧವುಳ್ಳ ಇ. ಕೋಲೈ ಸಿಗುವ ಸಾಧ್ಯತೆ ಹೆಚ್ಚು. ಕೋಳಿ ಅಂಗಡಿಯಿಂದ ತಂದ ಹಸಿ ಚೂರುಗಳನ್ನು ನಾಯಿಗೆ ಹಾಗೆಯೇ ಹಾಕುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಬೇಯಿಸಿ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ನಾವೇನು ಮಾಡಬಹುದು?

ಭಾರತದಲ್ಲಿ 2014ರ ಮಾರ್ಚಿನಿಂದ ಹಲವು ಪ್ರಬಲ ಪ್ರತಿಜೀವಕಗಳನ್ನು ‘ಎಚ್ 1’ ಪಟ್ಟಿಗೆ ಸೇರಿಸಲಾಗಿದೆ. ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ದಾಖಲಿಸಿಡಬೇಕು. ಕೊನೆಯ ಆಸರೆಯೆನಿಸಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲಿ ನಿಷೇಧಿಸಲಾಯಿತು. ಆದರೆ ಮನೆಯ ಗೂಡಿನಲ್ಲಿ ಉಳಿದ ಮಾತ್ರೆಯನ್ನು ಯಾವ ಕಾನೂನೂ ಕಾಯಲಾರದು. ಅದನ್ನು ನಾವೇ ಕಾಯಬೇಕು.

ಮನುಷ್ಯರಿಗೆ ತಂದ ಔಷಧವನ್ನು ನಾಯಿಗೆ ಕೊಡಬಾರದು. ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಮಾತ್ರ ಕೊಡಬೇಕು. ಹುಣ್ಣು ಮತ್ತೆ ಮತ್ತೆ ಬಂದರೆ ಕೀವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ತಿಳಿಯಬಹುದು. ಇದರ ಬಗ್ಗೆ ವೈದ್ಯರನ್ನು ಕೇಳಲು ಸಂಕೋಚ ಬೇಡ. ನಾಯಿಯನ್ನು ಮುಟ್ಟಿದ ಮೇಲೆ, ಮುಖ್ಯವಾಗಿ ಊಟಕ್ಕೆ ಮುಂಚೆ, ಸೋಪು ಹಚ್ಚಿ ಕೈ ತೊಳೆಯಬೇಕು. ನಮ್ಮ ಮೈಯ ಗಾಯವನ್ನು ಅದು ನೆಕ್ಕಲು ಬಿಡಬಾರದು. ಅದರ ತಟ್ಟೆಯನ್ನು ಬೇರೆಯಾಗಿ ತೊಳೆಯಬೇಕು.

ನಾಯಿಯನ್ನು ಅಂಗಳದಿಂದ ಓಡಿಸುವುದು ಇದಕ್ಕೆ ಪರಿಹಾರವಲ್ಲ. ಅದರ ಆರೋಗ್ಯ ಮತ್ತು ನಮ್ಮ ಆರೋಗ್ಯ ಒಂದೇ ಜಗಲಿಯ ಮೇಲಿವೆ. ಇಂದು ಸಂಜೆ ನಿಮ್ಮ ಮನೆಯ ಔಷಧದ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಅರ್ಧ ಉಳಿದ ಮಾತ್ರೆಯ ಪಟ್ಟಿ ಅಲ್ಲಿದ್ದರೆ, ಈ ಪಾಠವನ್ನು ಹಿರಿಯರಿಗೆ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಬೇಕಿಲ್ಲ.