ಕಾಯಿ ಸುಲಿಯುವ ಯಂತ್ರಕ್ಕೆ ಟ್ರೇಲರ್: ಬೆಸುಗೆಗೆ ಮುನ್ನ ಅಚ್ಚಿನ ಲೆಕ್ಕ

ತಿಪಟೂರು: ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ನೇರವಾಗಿ ಮಾರುಕಟ್ಟೆಗೆ ಹೋಗುವುದಿಲ್ಲ. ಮಟ್ಟೆಸಹಿತ ಅಟ್ಟವೇರಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡುವವರೆಗೆ ಹತ್ತಿರ ಹತ್ತಿರ ಒಂದು ವರ್ಷ ಅಲ್ಲಿಯೇ ಇರುತ್ತದೆ. ಹೀಗಾಗಿ ಕಾಯಿ ಯಂತ್ರದ ಬಳಿಗೆ ಬರುವ ಬದಲು, ಸುಲಿಯುವ ಯಂತ್ರವೇ ಮನೆಯಿಂದ ಮನೆಗೆ, ತೋಟದಿಂದ ತೋಟಕ್ಕೆ ಹೋಗಬೇಕಾಗುತ್ತದೆ.

ಟ್ರ್ಯಾಕ್ಟರ್‌ನ ಹಿಂಬದಿಗೆ ನೇರವಾಗಿ ಜೋಡಿಸುವ ಯಂತ್ರಗಳಿಗೆ ಈ ತೊಂದರೆಯಿಲ್ಲ. ಸ್ವಂತ ಎಂಜಿನ್ ಅಥವಾ ಮೋಟಾರು ಹೊಂದಿ, ಚಿಕ್ಕ ಗಾಲಿಗಳ ಚೌಕಟ್ಟಿನ ಮೇಲೆ ನಿಂತಿರುವ ಯಂತ್ರವನ್ನು ಮಾತ್ರ ಟ್ರೇಲರ್‌ಗೆ ಏರಿಸಬೇಕು. ಆ ಪುಟ್ಟ ಗಾಲಿಗಳು ಅಂಗಳದಲ್ಲಿ ಉರುಳಲು ಸಾಕೇ ಹೊರತು ತುಮಕೂರು–ಶಿವಮೊಗ್ಗ ಹೆದ್ದಾರಿಯ ವೇಗಕ್ಕೆ ತಕ್ಕವಲ್ಲ. ಆಗ ಮಾಲೀಕರು ವೆಲ್ಡಿಂಗ್ ಅಂಗಡಿಯ ಕಡೆಗೆ ಮುಖ ಮಾಡುತ್ತಾರೆ. ಅಲ್ಲಿ ನಡೆಯುವ ತಪ್ಪು ಸಾಮಾನ್ಯವಾಗಿ ಒಂದೇ: ಇಳಿಸಲು ಸುಲಭವೆಂದು ಯಂತ್ರವನ್ನು ತೀರಾ ಹಿಂಭಾಗದಲ್ಲಿ ಕೂರಿಸಿ, ಅಲ್ಲಿಯೇ ಬೆಸೆದುಬಿಡುವುದು.

ಎತ್ತಿನ ಗಾಡಿ ಹೂಡಿದವರಿಗೆ ಇದರ ಅಪಾಯವನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಎರಡು ಗಾಲಿಯ ಟ್ರೇಲರ್‌ಗೂ ಅದೇ ನಿಯಮ. ಉದಾಹರಣೆಗೆ, ಟ್ರ್ಯಾಕ್ಟರ್‌ನ ಕೊಂಡಿಯಿಂದ ಟ್ರೇಲರ್‌ನ ಅಚ್ಚಿಗೆ 3 ಮೀಟರ್ ಅಂತರವಿದೆ ಎನ್ನೋಣ. 400 ಕೆ.ಜಿ. ತೂಕದ ಯಂತ್ರವನ್ನು ಅಚ್ಚಿನಿಂದ 1 ಮೀಟರ್ ಹಿಂದಕ್ಕೆ ಇಟ್ಟರೆ ಅದು ಕೊಂಡಿಯನ್ನು ಸುಮಾರು 133 ಕೆ.ಜಿ.ಯಷ್ಟು ಬಲದಿಂದ ಮೇಲಕ್ಕೆತ್ತುತ್ತದೆ. ಆ ಮಟ್ಟಿಗೆ ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಏರಿನಲ್ಲಿ ಜಾರುತ್ತವೆ, ಇಳಿಜಾರಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ತಳ್ಳತೊಡಗುತ್ತದೆ. ಅದೇ ಯಂತ್ರ ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ ಕೊಂಡಿಯ ಮೇಲೆ ಬೀಳುವುದು 40 ಕೆ.ಜಿ. ಭಾರ ಮಾತ್ರ, ಅದೂ ಕೆಳಮುಖವಾಗಿ. ಸುಲಿದ ಕಾಯಿಯನ್ನೂ ಅದೇ ಗಾಡಿಯಲ್ಲಿ ತುಂಬುವುದಾದರೆ ಲೆಕ್ಕವನ್ನು ಮತ್ತೆ ಹಾಕಬೇಕು.

ಹಾಯಿದೋಣಿ ನಡೆಸುವವರು ಇಂಥದೇ ತೊಡಕನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ದೋಣಿ ಕೈಗಾಡಿಯ ಮೇಲೆ, ಕೈಗಾಡಿ ಟ್ರೇಲರ್‌ನ ಮೇಲೆ. ದಡ ತಲುಪಿದೊಡನೆ ಕೈಗಾಡಿಯಷ್ಟೇ ನೀರಿಗಿಳಿಯುತ್ತದೆ, ಟ್ರೇಲರ್ ರಸ್ತೆಯಲ್ಲೇ ಉಳಿಯುತ್ತದೆ. ಸುಲಿಯುವ ಯಂತ್ರಕ್ಕೂ ಈ ಕ್ರಮ ಹೊಂದುತ್ತದೆ. ಗಾಲಿಗಳು ಕೂರಲು ಎರಡು ಚಾನೆಲ್ ಕಂಬಿ, ಮುಂದಕ್ಕೆ ಜರುಗದಂತೆ ಅಚ್ಚಿನ ಲೆಕ್ಕ ನೋಡಿ ಇಟ್ಟ ಒಂದು ತಡೆ, ಹಿಂದೆ ಪಿನ್ನು, ನಾಲ್ಕೂ ಮೂಲೆಗೆ ಸರಪಳಿ, ಏರಿಸಿಳಿಸಲು ಕಳಚಬಹುದಾದ ಹಲಗೆ. ಕಂಬಿಗಳನ್ನೂ ಬೋಲ್ಟಿನಿಂದಲೇ ಬಿಗಿಯುವುದು ಒಳಿತು.

ಕಳಚಬಹುದು ಎಂಬುದಕ್ಕೆ ಕಾನೂನಿನಲ್ಲಿಯೂ ಬೆಲೆಯಿದೆ. ಟ್ರೇಲರ್ ಕೂಡ ಮೋಟಾರು ವಾಹನ ಕಾಯ್ದೆಯಡಿ ಪ್ರತ್ಯೇಕವಾಗಿ ನೋಂದಣಿಯಾಗುವ ವಾಹನ. ತಿಪಟೂರು ಸಾರಿಗೆ ಕಚೇರಿಯ ಕೆಎ–44 ಸಂಖ್ಯೆ ಟ್ರ್ಯಾಕ್ಟರ್‌ಗೊಂದು, ಟ್ರೇಲರ್‌ಗೊಂದು. ತಯಾರಕರು ಮೂಲದಲ್ಲಿ ನೀಡಿದ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡಕ್ಕೂ ಅವಕಾಶ ಮಾಡಿದೆ. ಕಟ್ಟಿ ಒಯ್ಯುವ ಯಂತ್ರ ಸರಕು. ಬೆಸೆದ ಯಂತ್ರ ಗಾಡಿಯ ಖಾಲಿ ತೂಕ, ಉದ್ದಗಳನ್ನೇ ಬದಲಿಸಬಲ್ಲದು.

ದಂಡಕ್ಕಿಂತಲೂ ಭಾರವಾದುದು ವಿಮೆಯ ಪ್ರಶ್ನೆ. ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆ ದುಡಿಮೆಯಲ್ಲಿದ್ದಾಗ ಅಪಘಾತವಾದರೆ ಪರಿಹಾರ ವ್ಯಾಜ್ಯಕ್ಕೆ ಸಿಲುಕುವುದು ಹೊಸದೇನಲ್ಲ. ಊರೂರು ತಿರುಗಿ ಕಾಯಿಗಿಷ್ಟೆಂದು ಸುಲಿದುಕೊಡುವವರು ಟ್ರೇಲರ್‌ಗೆ ಬೇರೆಯಾಗಿ ವಿಮೆಯಿದೆಯೇ, ಬಾಡಿಗೆ ಕೆಲಸ ಅದರಲ್ಲಿ ಸೇರಿದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು.

ಕೊನೆಗೆ ಸಣ್ಣದೆನಿಸುವ ಒಂದು ಸಂಗತಿ. ಏರಿಸಿಳಿಸುವ ಹಲಗೆಯನ್ನು ಟ್ರೇಲರ್‌ನ ಬೆನ್ನಿಗೆ ಮಡಚಿ ಕಟ್ಟಿದರೆ ಹಿಂದಿನ ಕೆಂಪು ದೀಪ, ಪ್ರತಿಫಲಕ, ನೋಂದಣಿ ಸಂಖ್ಯೆ ಮೂರೂ ಮರೆಯಾಗುತ್ತವೆ. ಕತ್ತಲಾದ ಮೇಲೆ ಕೆ.ಬಿ. ಕ್ರಾಸ್ ಕಡೆಯಿಂದ ವೇಗವಾಗಿ ಬರುವ ಲಾರಿಯ ಚಾಲಕನಿಗೆ ಆ ಗಾಡಿ ಕಾಣುವುದು ತೀರಾ ಹತ್ತಿರ ಬಂದ ಮೇಲೆಯೇ. ಹಲಗೆಯನ್ನು ಟ್ರೇಲರ್‌ನ ಒಳಗೆ, ಯಂತ್ರದ ಪಕ್ಕದಲ್ಲಿ ಮಲಗಿಸಲು ಜಾಗ ಬಿಟ್ಟುಕೊಂಡೇ ಕಂಬಿ ಕೂರಿಸಬೇಕು.